ಎಲ್ಲರಲ್ಲೂ ಒಳ್ಳೇದನ್ನೇ ನೋಡ್ಬೇಕು ಅಂದ್ರೆ ಲೆಕ್ಕ ಕೇಳ್ಬಾರ್ದಾ? ಸುಗ್ಗಿ ಹಬ್ಬದ 4,300 ರೂಪಾಯಿ ಕಥೆ

ಕಾಫಿಕಣ

ಎಲ್ರಿಗೂ ವಂದನೆ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ, ಊರಲ್ಲಿ ಯಾರ ಹತ್ರಾನೂ ಹೇಳ್ಕೊಳ್ಳೋ ಹಾಗಿಲ್ಲ ಯಾಕಂದ್ರೆ ಊರೋರೆಲ್ಲ ಈ ಕಥೆ ಒಳಗೇ ಇದಾರೆ.

ನಮ್ದು ಮಲೆನಾಡ ಕಡೆ ಒಂದು ಸಣ್ಣ ಸಭೆ, ಅಂದ್ರೆ ಚರ್ಚು, ಐವತ್ತು ಚಿಲ್ಲರೆ ಮನೆ. ನಾನು ಕಮಿಟಿಲಿ ಖಜಾಂಚಿ. ಹೋದ ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಎಂದಿನ ಹಾಗೆ ಜನ ಕಾಣಿಕೆ ತಂದಿದ್ದರ ಹರಾಜು. ಗೊತ್ತಲ್ಲ ನಮ್ ಹರಾಜು ಹೇಗಿರತ್ತೆ ಅಂತ, ಬಾಳೆಗೊನೆ, ಕುಂಬಳಕಾಯಿ, ಕಾಳುಮೆಣಸು, ಕಾಲು ಕಟ್ಟಿದ ಕೋಳಿ, ಯಾವ್ದೋ ಮಗು ತಂದ ಒಂದೇ ಒಂದು ಮೊಟ್ಟೆ ಐನೂರು ರೂಪಾಯಿಗೆ ಹೋಗತ್ತೆ, ತಗೊಂಡೋನು ಅದನ್ನ ಮತ್ತೆ ಹರಾಜಿಗೇ ವಾಪಸ್ ಕೊಡ್ತಾನೆ, ಎಲ್ರೂ ನಗ್ತಾರೆ. ಚೀಟಿ ಬರೆದು ದುಡ್ಡು ಇಸ್ಕೊಳ್ಳೋಕೆ ಕ್ವಾಯರ್ (ಚರ್ಚಲ್ಲಿ ಹಾಡೋ ತಂಡ) ಹುಡುಗ ಒಬ್ಬನ್ನ ಕೂರಿಸಿದ್ವಿ, ಇಪ್ಪತ್ತೆರಡು ವರ್ಷ. ಸಂಜೆ ನೋಡಿದ್ರೆ ರಸೀದಿ ಪ್ರಕಾರ 61,450, ಡಬ್ಬೀಲಿ ಇರೋದು 57,150. ಮೂರು ಸಲ ಎಣಿಸಿದ್ವಿ. 4,300 ಕಮ್ಮಿ.

ಅವತ್ತು ಕಮಿಟಿ ರೂಮಲ್ಲಿ ಯಾರೂ ಅವನ ಹೆಸರು ಎತ್ಲಿಲ್ಲ. ನಾನೂ ಹೆಸರು ಹೇಳ್ಲಿಲ್ಲ. "ಹುಡುಗ ಮೊನ್ನೆ ಹೊಸ ಫೋನ್ ತಗೊಂಡಿದಾನೆ, ನೋಡಿದ್ರಾ" ಅಂದೆ, ಅಷ್ಟೇ. ಅಷ್ಟು ಸಾಕಾಯ್ತು. ಮುಂದಿನ ಭಾನುವಾರದಿಂದ ಕಾಣಿಕೆ ಚೀಲ ಅವನ ಕೈಗೆ ಹೋಗ್ಲಿಲ್ಲ, ಯಾರೂ ಏನೂ ಅನ್ಲಿಲ್ಲ, ಅವನೂ ಯಾಕೆ ಅಂತ ಕೇಳ್ಲಿಲ್ಲ, ನಾಲ್ಕು ವಾರಕ್ಕೆ ಕ್ವಾಯರ್‌ಗೂ ಬರೋದು ನಿಲ್ಸಿದ.

ಎರಡು ತಿಂಗಳಾದ ಮೇಲೆ ಆಡಿಟ್‌ಗೆ ಅಂತ ರಸೀದಿ ಪುಸ್ತಕದ ಕಾರ್ಬನ್ ಹಾಳೆ ತಿರುವ್ತಾ ಇದ್ದೆ. ಮೂರು ಚೀಟಿ ಮೂಲೇಲಿ ಪೆನ್ಸಿಲಲ್ಲಿ ಸಣ್ಣಕೆ "ಬಾ" ಅಂತ ಇತ್ತು. ಬಾ ಅಂದ್ರೆ ಬಾಕಿ. ಸಭೆ ಹಿರಿಯರೊಬ್ರು ಎರಡು ಬಾಳೆಗೊನೆ, ಒಂದು ಹುಂಜ ಕೂಗಿ ಆಮೇಲೆ ಕೊಡ್ತೀನಿ ಅಂದಿದ್ದು, ಒಟ್ಟು 3,000. ಕೇಳಿದ್ದಕ್ಕೆ "ಅಯ್ಯೋ ಮರ್ತೇ ಹೋಗಿತ್ತು ಮಾರಾಯ" ಅಂತ ಅಲ್ಲೇ ಜೇಬಿಂದ ತೆಗೆದು ಕೊಟ್ರು. ಇನ್ನುಳಿದ 1,300 ಇವತ್ತಿಗೂ ಪತ್ತೆ ಇಲ್ಲ.

ನಮ್ಮಮ್ಮ ಇದ್ದಿದ್ರೆ ಆ ಫೋನಿನ ಮಾತೇ ಬರ್ತಿರ್ಲಿಲ್ಲ. ಎಂಥವರ ಮೇಲೆ ಚಾಡಿ ಹೇಳಿದ್ರೂ ಅವರ ಉತ್ತರ ಒಂದೇ, "ಏನೋ ಕಷ್ಟ ಇರ್ಬೇಕು ಕಣೋ." ಬೈಬಲ್ ವಚನ ಫಿಲಿಪ್ಪಿ 4:8 ಅಡುಗೆಮನೆ ಗೋಡೆ ಮೇಲೆ ನೇತಾಡ್ತಿತ್ತು, ಯಾವುದು ಸತ್ಯ, ಯಾವುದು ಶುದ್ಧ, ಯಾವುದು ಮನೋಹರ, ಅದನ್ನೇ ಯೋಚಿಸಿ ಅಂತ. ನಂಗೆ ಆ ಗುಣ ಬಂದಿಲ್ಲ. ನನ್ ಕಣ್ಣಿಗೆ ಮೊದ್ಲು ಬೀಳೋದು ಹೊಸ ಫೋನು. ಇದು ಅಭ್ಯಾಸದಿಂದ ಬದಲಾಗತ್ತಾ ಅಥವಾ ಹುಟ್ಟುಗುಣಾನಾ? ಇನ್ನೊಂದು, ನಿಜ ಹೇಳ್ಬೇಕಂದ್ರೆ ಆ 1,300 ಇನ್ನೂ ತಲೇಲಿ ಕೊರೀತಿದೆ. ಅವನೇ ತಗೊಂಡಿದ್ರೆ?

ಹರಟೆಮಲ್ಲ

ಯೇಸುಸ್ವಾಮಿ ಗುಂಪಿನ ಖಜಾಂಚಿ ಯಾರು ಹೇಳಿ? ಯೂದ! ಯೋಹಾನ 12:6, ಹಣದ ಚೀಲ ಅವನ ಹತ್ರಾನೇ, ಅದ್ರಿಂದ ಎತ್ತುತಾನೂ ಇದ್ದ. ಆದ್ರೂ ಕೊನೇವರೆಗೂ ಚೀಲ ಕಿತ್ಕೊಂಡಿಲ್ಲ. ನಿಮ್ ಕಮಿಟಿ ಇದ್ದಿದ್ರೆ ಮೊದಲ ವಾರಾನೇ ಮೀಟಿಂಗ್ ಕರೆದಿರೋರು.

ಲೆಕ್ಕದಮ್ಮ

ಹರಟೆಮಲ್ಲ ಅವರೇ, ಆ ಉದಾಹರಣೆ ಇಟ್ಕೊಂಡು ಸಭೆ ನಡೆಸೋಕೆ ಹೋದ್ರೆ ಸಭೆ ಮುಚ್ಚತ್ತೆ. ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಲ್ಲಿ ಕೂತೋಳು, ಕ್ಯಾಶ್ ಟ್ಯಾಲಿ ಆಗ್ದೇ ರಾತ್ರಿ ಎಂಟರವರೆಗೆ ಅಳ್ತಾ ಕೂತ ಹೆಣ್ಮಕ್ಕಳನ್ನ ಕಂಡಿದೀನಿ, ಅವರಲ್ಲಿ ನಾನೂ ಒಬ್ಳು.

ಕಾಫಿಕಣ, ನಿಮ್ಮ ತಪ್ಪು ಹುಡುಗನ್ನ ಅನುಮಾನಿಸಿದ್ದರಿಂದ ಶುರುವಾಗ್ಲಿಲ್ಲಪ್ಪ. ಹರಾಜಿನ ಗಲಾಟೇಲಿ ಒಬ್ಬನ್ನೇ ಮೇಜಿಗೆ ಕೂರಿಸಿದ್ರಲ್ಲ, ಅಲ್ಲಿಂದ ಶುರು. ಚೀಟಿ ಬರೆಯೋನೂ ಅವನೇ, ದುಡ್ಡು ಇಸ್ಕೊಳ್ಳೋನೂ ಅವನೇ, ಚಿಲ್ಲರೆ ಕೊಡೋನೂ ಅವನೇ. ನಮ್ಮ ಬ್ಯಾಂಕಲ್ಲಿ ಹೀಗೆ ಮಾಡ್ತಿರ್ಲಿಲ್ಲ, ಅದು ನಂಬಿಕೆ ಇಲ್ಲ ಅಂತಲ್ಲ, ನಂಬಿರೋ ಮನುಷ್ಯನ ಮೇಲೆ ನಾಳೆ ಯಾರೂ ಬೆರಳು ತೋರಿಸಬಾರದು ಅಂತ. 2 ಕೊರಿಂಥ 8ನೇ ಅಧ್ಯಾಯದ 20, 21 ಓದಿ. ಅಪೊಸ್ತಲ ಪೌಲ ಯೆರೂಸಲೇಮಿನ ಬಡವರಿಗೆ ಕಾಣಿಕೆ ಕೂಡಿಸಿ ಕಳಿಸ್ತಾ ಇರ್ತಾನೆ, ತನ್ನ ಜೊತೆ ಕೆಲಸದ ತೀತನ ಜೊತೆಗೆ ಇನ್ನೂ ಇಬ್ಬರನ್ನ ಕಳಿಸ್ತಾನೆ, ಯಾಕಂದ್ರೆ ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರ ಸರಿ ಇದ್ರೆ ಸಾಲದು, ಜನರ ಮುಂದೆಯೂ ಸರಿ ಇರಬೇಕು ಅಂತ ಅವನೇ ಬರೀತಾನೆ. ಪೌಲನಿಗೇ ಜಾಯಿಂಟ್ ಕಸ್ಟಡಿ, ಅಂದ್ರೆ ದುಡ್ಡಿಗೆ ಒಬ್ಬರಿಗಿಂತ ಹೆಚ್ಚು ಜನರ ಕಾವಲು, ಬೇಕಾಯ್ತು, ನಿಮ್ಮ ಕುಂಬಳಕಾಯಿ ಹರಾಜಿಗೆ ಬೇಡ್ವಾ?

ಇನ್ನೊಂದು. 1 ಕೊರಿಂಥ 13ರಲ್ಲಿ ಪ್ರೀತಿ ಅಪಕಾರವನ್ನ ಮನಸ್ಸಲ್ಲಿ ಇಟ್ಕೊಳ್ಳಲ್ಲ ಅಂತ ಬರತ್ತಲ್ಲ, ಅಲ್ಲಿ ಗ್ರೀಕಿನಲ್ಲಿರೋದು ಲೆಕ್ಕ ಬರೆಯೋ ಪದ ಅಂತ ನಮ್ಮ ಅಯ್ಯನವರು (ಪಾಸ್ಟರ್) ಒಂದ್ಸಲ ಹೇಳಿದ್ರು, ಖಾತೇಲಿ ಬರೆದಿಡೋದು ಅನ್ನೋ ಹಾಗೆ. ಅವತ್ತಿಂದ ನಂಗೆ ಆ ವಚನ ಬೇರೆ ಥರ ಕೇಳ್ಸತ್ತೆ. ದುಡ್ಡಿನ ಲೆಕ್ಕ ಪೈಸೆ ಪೈಸೆ ಬರೀಬೇಕು, ಮನುಷ್ಯನ ಲೆಕ್ಕ ಬರೆದಿಡ್ಬಾರ್ದು. ನೀವು ಉಲ್ಟಾ ಮಾಡಿದ್ರಿ, "ಬಾ" ಅಂತ ಬರೆದಿದ್ದನ್ನ ನೋಡ್ದೇ ಹೊಸ ಫೋನನ್ನ ಬರೆದಿಟ್ಕೊಂಡ್ರಿ.

ಬೆಟಗೇರಿಯಂವ

ಅಕ್ಕಾರು ಹೇಳಿದ್ದು ಖರೆ ಐತಿ. ಆದ್ರ ಅಣ್ಣಾರ, ಹುಟ್ಟುಗುಣ ಏನು ಅಂತ ಕೇಳೀರಲ್ಲ, ಬೈಬಲ್‌ನಾಗ ಬಾರ್ನಬನ ಕಥಿ ಒಮ್ಮೆ ತಗದು ಓದ್ರಿ. ನಾವೆಲ್ಲಾ ಪೌಲ ಪೌಲ ಅಂತೀವಿ, ಆ ಪೌಲನ್ನ ಸಭಾದಾಗ ಕೈ ಹಿಡದು ಕರಕೊಂಡು ಬಂದಂವ ಯಾರು? ಸೌಲ, ಅಂದ್ರ ಇದ ಪೌಲ, ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲಾ ಹೆದರಿ ಹತ್ರ ಸೇರಸಲಿಲ್ಲ. ಹೆದರಬೇಕಾದ್ದ ಬಿಡ್ರಿ, ಯೇಸುವಿನ ಭಕ್ತ ಸ್ತೆಫನನ್ನ ಕೊಲ್ಲಾಕ ಕಲ್ಲು ಬೀಳುಮುಂದ ಮಂದಿ ಅಂಗಿ ಕಳದು ಇಟ್ಟಿದ್ದು ಇವನ ಕಾಲಬುಡಕ. ಆವಾಗ ಬಾರ್ನಬ ಎದ್ದು ಹೋಗಿ ಅವನ್ನ ಕರಕೊಂಡು ಬಂದು ಅಪೊಸ್ತಲರ ಮುಂದ ನಿಲ್ಲಿಸಿ ಹಿಂಗಿಂಗ ಆಗೇತಿ ಅಂತ ತಾನ ಸಾಕ್ಷಿ ಹೇಳಿದ. ಅಪೊಸ್ತಲರ ಕೃತ್ಯ 9:27. ಜಾಮೀನು ನಿಂತಂಗ ಅಲ್ಲೇನ್ರಿ ಅದು? ನಾಳೆ ಸೌಲ ತಿರುಗಿ ಬಿದ್ದಿದ್ರ ಮೊದಲ ಹೋಗೂದು ಬಾರ್ನಬನ ಮರ್ಯಾದಿ.

ಇದಕಿಂತ ಚೊಲೊ ಮುಂದ ಐತಿ. ಮಾರ್ಕ ಅನ್ನೂ ಹುಡುಗ ಇವರ ಜೋಡಿ ಸೇವಾಕ್ಕ ಹೊರಟಂವ ಪೆರ್ಗೆದಿಂದ ಅರ್ಧಕ್ಕ ಮನೀಗೆ ಓಡಿ ಹೋದ. ಮುಂದಿನ ಸಲ ಅವನ್ನ ಕರಕೊಂಡು ಹೋಗೂಣು ಅಂತ ಬಾರ್ನಬ, ಕೈ ಬಿಟ್ಟು ಹೋದಂವ ಬ್ಯಾಡ ಅಂತ ಪೌಲ. ಇಬ್ಬರಿಗೂ ಎಷ್ಟು ಜಗಳ ಆತಂದ್ರ ಬ್ಯಾರೆ ಬ್ಯಾರೆ ದಾರಿ ಹಿಡದ್ರು, ಬಾರ್ನಬ ಮಾರ್ಕನ್ನ ಕರಕೊಂಡು ಸೈಪ್ರಸ್ಸಿಗೆ, ನಮ್ಮ ಬೈಬಲ್‌ನಾಗ ಕುಪ್ರ ಅಂತಾರ, ಅಲ್ಲಿಗೆ ಹೋದ. ಕೃತ್ಯದಾಗ ಅಲ್ಲಿಂದ ಮುಂದ ಬಾರ್ನಬನ ಸುದ್ದೀನ ಇಲ್ಲ, ಕಥಿ ಪೂರಾ ಪೌಲನ ಹಿಂದ ಹೊಂಟಬಿಡತೈತಿ. ಒಬ್ಬ ಹುಡುಗನ ಸಲುವಾಗಿ ಇಷ್ಟು ಕಳಕೊಂಡ. ಆಮ್ಯಾಲೆ ಎಷ್ಟೋ ವರ್ಷಕ್ಕ ಪೌಲ ಜೇಲಿನಾಗ ಕುಂತು ತಿಮೊಥೆಯನಿಗೆ ಬರದ ಎರಡನೇ ಪತ್ರದಾಗ ಮಾರ್ಕನ್ನ ಕರಕೊಂಡು ಬಾ, ಅವ ನನಗ ಉಪಯೋಗ ಆಗತಾನ ಅಂತ ಬರೀತಾನ. ಅದನ್ನ ಓದಿದಾಗೊಮ್ಮೆ ನನಗ ನಗು ಬರತೈತಿ, ಸಿಟ್ಟೂ ಬರತೈತಿ. ಬಾರ್ನಬ ಮೊದಲ ಹೇಳಿದ್ದನಲ್ಲೋ ಮಾರಾಯಾ!

ನಿಮ್ಮ ಹುಡುಗಗ ಆ ದಿನ ಕಮಿಟಿ ರೂಮಿನಾಗ ಒಬ್ಬ ಬಾರ್ನಬ ಸಿಗಲಿಲ್ಲ, ಅಷ್ಟ.

ಕಂಕನಾಡಿ_ಬಸ್ಸು

ನಾವು ಕ್ಯಾಥೊಲಿಕರು, ಮಂಗಳೂರಿನವರು, ಮಧ್ಯೆ ಬಾಯಿ ಹಾಕ್ತೇನೆ. ನಾನು ಕಲಿತದ್ದು ಜೆಸುವಿಟ್ ಪಾದ್ರಿಗಳ ಕಾಲೇಜಿನಲ್ಲಿ. ಅಲ್ಲಿ ಒಬ್ಬರು ಫಾದರ್ ಜೆಸುವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸರ ಒಂದು ಮಾತನ್ನು ವರ್ಷಕ್ಕೆ ಹತ್ತು ಸಲ ಹೇಳ್ತಿದ್ರು. 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿದ ಅವರ ಆಧ್ಯಾತ್ಮಿಕ ಸಾಧನೆಯ ಪುಸ್ತಕದ ಶುರುವಿಗೇ ಉಂಟದು. ಇನ್ನೊಬ್ಬನ ಮಾತನ್ನು ಖಂಡಿಸ್ಲಿಕ್ಕೆ ಹೋಗುವ ಮೊದಲು ಅದಕ್ಕೆ ಒಳ್ಳೆ ಅರ್ಥ ಕೊಡ್ಲಿಕ್ಕೆ ಆಗ್ತದಾ ನೋಡು. ಆಗ್ಲಿಲ್ವಾ, ಅವನನ್ನೇ ಕೇಳು, ನೀನು ಯಾವ ಅರ್ಥದಲ್ಲಿ ಹೇಳಿದ್ದು ಅಂತ. ಅವನ ಅರ್ಥವೇ ತಪ್ಪು ಅಂತಾದ್ರೆ ಪ್ರೀತಿಯಿಂದ ತಿದ್ದು.

ಈ ಮೂರರಲ್ಲಿ ನಾವೆಲ್ಲ ಬಿಟ್ಟು ಹಾರುವುದು ನಡುವಿನದ್ದನ್ನು, ಅವನನ್ನೇ ಕೇಳುವುದು. ಕೆಲವರು ಒಳ್ಳೇದನ್ನು ಊಹಿಸಿ ಸುಮ್ಮನಾಗ್ತಾರೆ, ಕೆಲವರು ಕೆಟ್ಟದ್ದನ್ನು ಊಹಿಸಿ ಸುಮ್ಮನಾಗ್ತಾರೆ, ಎದುರು ಕೂತು ಕೇಳುವವ ಯಾರೂ ಇಲ್ಲ. ನೀವು ಆ ಹುಡುಗನ ಹತ್ರ ಒಂದು ಸಲ ಆದ್ರೂ ಕೇಳಿದ್ದೀರಾ ಮಾರಾಯ್ರೆ? ಇಡೀ ಪೋಸ್ಟಿನಲ್ಲಿ ನಂಗೆ ಎಲ್ಲಿಯೂ ಕಾಣ್ಲಿಲ್ಲ.

ಎಂಬತ್ತೆಂಟು

ಇಲ್ಲಿ ಎಲ್ರೂ ಒಂದೇ ಕಡೆ ವಾಲ್ತಾ ಇದೀರ, ಅದಕ್ಕೆ ಬರೀತಿದೀನಿ. "ಅವನಲ್ಲಿರೋ ಒಳ್ಳೇದನ್ನ ನೋಡಮ್ಮಾ" ಅನ್ನೋ ಮಾತು ನಮ್ಮ ಮನೇಲಿ ಏನು ಮಾಡ್ತು ಅಂತ ಹೇಳ್ತೀನಿ. ನಮ್ಮಕ್ಕನ ಗಂಡ ಕುಡೀತಿದ್ದ, ಹೊಡೀತಿದ್ದ. ಪ್ರಾರ್ಥನೆ ಕೂಟದಲ್ಲಿ ಅಕ್ಕ ಬಾಯಿ ಬಿಟ್ಟು ಹೇಳ್ಕೊಂಡಾಗ ಹಿರಿಯರು ಇದೇ 1 ಕೊರಿಂಥ 13 ತೆಗೆದು ಪ್ರೀತಿ ಎಲ್ಲವನ್ನೂ ನಂಬತ್ತೆ, ಎಲ್ಲವನ್ನೂ ಸಹಿಸತ್ತೆ ಅಂತ ಓದಿ ಪ್ರಾರ್ಥನೆ ಮಾಡಿ ವಾಪಸ್ ಕಳ್ಸಿದ್ರು. ಒಂದ್ಸಲ ಅಲ್ಲ, ಆರು ವರ್ಷ. ಅವಳ ಎಡಗಿವಿ ಈಗ್ಲೂ ಸರಿಯಾಗಿ ಕೇಳ್ಸಲ್ಲ. ಕೊನೆಗೆ ಅವಳನ್ನ ಅಲ್ಲಿಂದ ಕರ್ಕೊಂಡು ಬಂದಿದ್ದು ಪಕ್ಕದ ಮನೆ ಟೈಲರ್ ಅಣ್ಣ, ಅವರು ಯಾವ ಕೂಟಕ್ಕೂ ಬರೋರಲ್ಲ.

ಯೋಹಾನ 2:24ನ ಯಾಕೆ ಯಾರೂ ಗೋಡೆಗೆ ನೇತು ಹಾಕಲ್ಲ? ತುಂಬ ಜನ ನಂಬಿದ್ರೂ ಯೇಸು ತನ್ನನ್ನ ಅವರ ವಶಕ್ಕೆ ಕೊಡ್ಲಿಲ್ಲ, ಮನುಷ್ಯನೊಳಗೆ ಏನಿದೆ ಅಂತ ಅವರಿಗೆ ಗೊತ್ತಿತ್ತು ಅಂತ ಇದೆ ಅಲ್ಲಿ. ನನ್ನ ಹೆಸರು ಎಂಬತ್ತೆಂಟು ಅಂತ ಯಾಕೆ ಅಂದ್ರೆ ಕೀರ್ತನೆ 88. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ವಲ್ಪ ಬೆಳಕಿಗೆ ತಿರುಗ್ತಾವೆ, ಇದು ಕತ್ತಲೇಲೇ ನಿಂತೋಗತ್ತೆ. ಅದನ್ನೂ ಬೈಬಲ್‌ನಿಂದ ಕಿತ್ತಾಕಿಲ್ಲ. ನಂಗೆ ಬರೀ ಪಾಸಿಟಿವ್ ಪಾಸಿಟಿವ್ ಅನ್ನೋ ಭಕ್ತಿ ಬೇಡ.

ಬೆಟಗೇರಿಯಂವ

ತಂಗಿ, ತಪ್ಪು ತಿಳಕೋಬ್ಯಾಡ, ನಾ ಹೇಳಿದ್ದು ಅಂಥಾದ್ದಕ್ಕಲ್ಲ. ಬಾರ್ನಬ ಮುಂದ ನಿಂತಿದ್ದು ಯಾರೂ ಬೆನ್ನಿಗಿಲ್ಲದವನ ಪರವಾಗಿ. ನಿಮ್ಮ ಅಕ್ಕಾರ ವಿಷಯದಾಗ ಆ ಹಿರಿಯರು ಬೆನ್ನಿಗೆ ನಿಂತಿದ್ದು ಹೊಡಿಯಾಂವನ ಕಡೆ. ವಚನ ಅದ, ಓದಿದ್ದು ಉಲ್ಟಾ. ಆ ಟೈಲರಣ್ಣಗ ನನ್ನದೊಂದು ನಮಸ್ಕಾರ ಹೇಳ್ರಿ.

ಹಳೇಪುಸ್ತಕ

ನನ್ನದು ಸ್ವಲ್ಪ ಶಬ್ದದ ಹುಚ್ಚು, ಸಹಿಸ್ಕೊಳ್ಳಿ. "ಆಶಾವಾದ" ಅನ್ನೋ ಪದ ನಮ್ಮ ಕನ್ನಡ ಬೈಬಲ್‌ನಲ್ಲಿ ಸಿಗಲ್ಲ. ಇರೋದು "ನಿರೀಕ್ಷೆ". ಪೇಟೆ ಕನ್ನಡದಲ್ಲಿ ನಿರೀಕ್ಷೆ ಅಂದ್ರೆ ಬಸ್ಸಿಗೋ ರಿಸಲ್ಟಿಗೋ ಕಾಯೋದು, ಚರ್ಚಿನಲ್ಲಿ ಬೆಳೆದೋರಿಗೆ ಮಾತ್ರ ಅದು ಬೇರೇನೇ ತೂಕದ ಮಾತು. ರೋಮಾ 5ರಲ್ಲಿ ಅದು ಹುಟ್ಟೋ ಕ್ರಮ ನೋಡಿ, ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ. ಅಂದ್ರೆ ಮೊದಲೇ ಇರೋ ನಗುಮುಖದ ಸ್ವಭಾವ ಅಲ್ಲ, ಏಟು ತಿಂದ ಮೇಲೆ ಕೊನೆಗೆ ಬರೋದು. ಎಂಬತ್ತೆಂಟು ಅವರ ಅಕ್ಕನಿಗೆ ಹಿರಿಯರು ಹೇಳಿದ್ದು ನಿರೀಕ್ಷೆ ಅಲ್ವೇ ಅಲ್ಲ, ಮುಚ್ಚಿಡು ಅಂತ.

ಕಾಫಿಕಣ ಅವರ ಅಮ್ಮನ ಗೋಡೆ ವಚನದ ಬಗ್ಗೆ ಎರಡು ಮಾತು. ಆ ಪಟ್ಟಿ ಶುರು ಆಗೋದೇ "ಸತ್ಯ"ದಿಂದ, ಮನೋಹರ ಅನ್ನೋದು ಆಮೇಲೆ. ಮತ್ತೆ ಅದಕ್ಕೆ ಬರೀ ಆರು ವಚನ ಹಿಂದೆ, 4:2ರಲ್ಲಿ, ಯುವೊದ್ಯ ಸಂತುಕೆ ಅಂತ ಇಬ್ಬರು ಹೆಂಗಸರು ಒಂದೇ ಮನಸ್ಸಾಗಿ ಇರಿ ಅಂತ ಪೌಲ ಹೆಸರು ಹಿಡಿದು ಬೇಡ್ಕೊಳ್ತಾನೆ. ಬೇಡಿಯಲ್ಲಿದ್ದೋನು, ಜಗಳ ಇರೋ ಸಭೆಗೆ ಬರೆದ ಪತ್ರ ಇದು. ಆ ವಚನ ಕ್ಯಾಲೆಂಡರ್‌ಗೆ ಬಂದಾಗ ಇಬ್ಬರು ಹೆಂಗಸರನ್ನೂ ಹೊರಗೆ ಬಿಟ್ಟು ಬಂದಿರತ್ತೆ.

ಇನ್ನು ನಮ್ಮ ಕರಾವಳಿ, ಧಾರವಾಡದ ಕಡೆಯ ಹಳೇ ಪ್ರಾಟೆಸ್ಟಂಟ್ ಸಭೆಗಳಲ್ಲಿ ಹೆಚ್ಚಿನವು ಬಾಸೆಲ್ ಮಿಷನ್‌ನವರ ಕೈಯಲ್ಲಿ ಬೆಳೆದವು, 1834ರಲ್ಲಿ ಅವರು ಮಂಗಳೂರಿಗೆ ಬಂದಿದ್ದು, ಅದರಲ್ಲಿ ಪ್ರಾಟೆಸ್ಟಂಟರ ಎರಡು ಪಂಗಡ, ಲೂಥರನ್ ಮನೆತನದವರೂ ರಿಫಾರ್ಮ್ಡ್ ಮನೆತನದವರೂ ಬೆರೆತಿದ್ರು. ಲೂಥರ್ 1529ರಲ್ಲಿ ಮಕ್ಕಳಿಗೆ, ಮನೆಯವರಿಗೆ ಅಂತ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಸುಳ್ಳುಸಾಕ್ಷಿ ಹೇಳಬೇಡ ಅನ್ನೋ ಆಜ್ಞೆಗೆ (ನಮ್ಮ ಎಣಿಕೆಯಲ್ಲಿ ಒಂಬತ್ತು, ಅವರ ಮತ್ತು ಕ್ಯಾಥೊಲಿಕರ ಎಣಿಕೆಯಲ್ಲಿ ಎಂಟು) ಕೊಟ್ಟ ವಿವರಣೆ ಏನಂದ್ರೆ, ನೆರೆಯವನ ಹೆಸರು ಕೆಡಿಸದೆ ಇದ್ರೆ ಸಾಲದು, ಅವನ ಪರವಾಗಿ ಮಾತಾಡಬೇಕು, ಅವನು ಮಾಡಿದ್ದಕ್ಕೆಲ್ಲ ಒಳ್ಳೇ ಅರ್ಥವನ್ನೇ ಹಚ್ಚಬೇಕು. ಕಂಕನಾಡಿಯವರ ಇಗ್ನೇಷಿಯಸ್ ಹೇಳಿದ್ದೂ ಹೆಚ್ಚುಕಮ್ಮಿ ಅದೇ. ಅದೇ ಶತಮಾನದಲ್ಲಿ ಪ್ರಾಟೆಸ್ಟಂಟ್, ಕ್ಯಾಥೊಲಿಕ್ ಎರಡು ಪಕ್ಷದೋರೂ ಒಬ್ಬರಿಗೊಬ್ಬರು ಬೈದ ಬೈಗುಳ ನೋಡಿದ್ರೆ ಈ ಪಾಠ ಇಬ್ಬರಿಗೂ ಪರೀಕ್ಷೆಗೆ ಬರ್ಲಿಲ್ಲ ಅನ್ಸತ್ತೆ.

ಆಶಾವಾದದ ಬಗ್ಗೆ ನಾನು ಓದಿದ್ರಲ್ಲಿ ಮನಸ್ಸಿಗೆ ನಾಟಿದ್ದು ಜರ್ಮನಿಯ ಪಾಸ್ಟರ್ ಬೊನ್‌ಹಾಫರ್ ಮಾತು. 1942ರ ಕೊನೇಲಿ, ಹಿಟ್ಲರನ ವಿರುದ್ಧ ಗುಟ್ಟಾಗಿ ಕೆಲಸ ಮಾಡ್ತಿದ್ದ ಸ್ನೇಹಿತರಿಗೆ ಅಂತ ಬರೆದಿದ್ದು. ಆಶಾವಾದ ಅಂದ್ರೆ ಈಗಿನ ಪರಿಸ್ಥಿತಿ ಚೆನ್ನಾಗಿದೆ ಅನ್ನೋ ಅಭಿಪ್ರಾಯ ಅಲ್ಲ, ಬೇರೆಯವರು ಕೈ ಚೆಲ್ಲಿದಾಗ ನಾಳೆಯನ್ನ ಎದುರಾಳಿಗೆ ಬಿಟ್ಟುಕೊಡದೇ ಇರೋ ಶಕ್ತಿ ಅನ್ನೋ ಅರ್ಥದಲ್ಲಿ ಬರೀತಾರೆ. ಮುಂದಿನ ಏಪ್ರಿಲ್‌ನಲ್ಲಿ ಅರೆಸ್ಟ್ ಆದ್ರು, 1945ರ ಏಪ್ರಿಲ್ 9ಕ್ಕೆ ಗಲ್ಲು. ಅದೇ ಬರಹದಲ್ಲಿ ತಮ್ಮ ಸುತ್ತಲಿನ ಮೋಸ, ಹೇಡಿತನ, ಪೆದ್ದುತನ ಎಲ್ಲಾನೂ ಒಂದೂ ಬಿಡದೆ ಬರೆದಿದಾರೆ. ಅದನ್ನೆಲ್ಲ ನೋಡಿದ ಮೇಲೆ ಹೇಳಿದ ಮಾತು ಅದು.

ನೆರೆಮನೆ

ನಾವು ನಿಮ್ಮ ಪೈಕಿ ಅಲ್ಲ, ಲಿಂಗಾಯತರು, ಸುಮ್ನೆ ಓದ್ತಾ ಇದ್ದೆ. ನಿನ್ನ ಕಣ್ಣಿನ ತೊಲೆ ಬಿಟ್ಟು ಇನ್ನೊಬ್ಬನ ಕಣ್ಣಿನ ರವೆ ಯಾಕೆ ನೋಡ್ತೀಯ ಅಂತ ನಿಮ್ಮಲ್ಲಿ ಬರೋದನ್ನ ಓದಿದಾಗೆಲ್ಲ ನಂಗೆ ಬಸವಣ್ಣನವರ ಲೋಕದ ಡೊಂಕು ನೆನಪಾಗತ್ತೆ. ಒಂದೇ ಒಂದು ಸಂಶಯ, 1,300 ಸಿಕ್ಕಿಲ್ಲ ಅಂತ ಕಾಫಿಕಣ ಅವರು ಎರಡು ಸಲ ಬರೆದ್ರು. 3,000 ಬಾಕಿ ಇಟ್ಟ ಹಿರಿಯರ ಬಗ್ಗೆ "ಮರ್ತಿದ್ರು" ಅಂತ ಒಂದೇ ಮಾತಲ್ಲಿ ಮುಗ್ಸಿದ್ರು. ಅವರಿಗೆ ಒಳ್ಳೇ ಅರ್ಥ ಪುಕ್ಕಟೆ ಸಿಕ್ತು, ಹುಡುಗನಿಗೆ ಯಾಕೆ ಸಿಗ್ಲಿಲ್ಲ?

ಲೆಕ್ಕದಮ್ಮ

ನೆರೆಮನೆಯವರೇ, ಈ ಮಾತು ನಂಗೆ ಹೊಳೀಲೇ ಇಲ್ಲ ನೋಡಿ.

ಕಾಫಿಕಣ

ನೆರೆಮನೆಯವರ ಪ್ರಶ್ನೆ ಓದಿ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಹಿರಿಯರದ್ದು ತೋಟ ಇದೆ, ಹುಡುಗನ ಅಪ್ಪ ಅದೇ ತೋಟದಲ್ಲಿ ಕೂಲಿಗೆ ಹೋಗ್ತಿದ್ದೋರು. ಇದನ್ನ ನಾನು ಮೊದಲ ಪೋಸ್ಟಲ್ಲಿ ಬರೀಲಿಲ್ಲ. ಯಾಕೆ ಬರೀಲಿಲ್ಲ ಅಂತ ನೀವೇ ಊಹಿಸ್ಕೊಳ್ಳಿ.

ಎಂಬತ್ತೆಂಟು ಅವರೇ, ನಿಮ್ಮ ಮಾತು ಓದಿದ ಮೇಲೆ ನಮ್ಮಮ್ಮನೂ ಹಾಗೇ ಕಣ್ಣು ಮುಚ್ಕೊಂಡು ಬದುಕಿದ್ರಾ ಅಂತ ಅನುಮಾನ ಬಂತು. ಅವರ ಬೈಬಲ್ ಬೀರೂಲಿ ಹಾಗೇ ಇತ್ತು, ತೆಗೆದೆ. ಕೀರ್ತನೆಗಳ ಹತ್ರ ಹಳೇ ಲಗ್ನಪತ್ರಿಕೆ ಹಿಂದುಗಡೆ ಬರೆದ ಒಂದು ಪಟ್ಟಿ ಸಿಕ್ತು, ನೀಲಿ ಇಂಕು, ಅಲ್ಲಲ್ಲಿ ಎಣ್ಣೆ ಕಲೆ. "ಹಾಲಿನವನು, ನೀರು." "ಅತ್ತಿಗೆ, ಬಳೆ." "ತಮ್ಮ, 2000." "ಸಂಡೇ ಸ್ಕೂಲ್ ಟೀಚರ್, ಆ ಮಾತು." ಹೀಗೆ ಹದಿನಾಲ್ಕು. ಪಕ್ಕದಲ್ಲಿ ಪೆನ್ಸಿಲ್ ಗೀಟುಗಳು, ಪ್ರಾರ್ಥನೆ ಮಾಡಿದ ದಿನ ಒಂದೊಂದು ಗೀಟು ಹಾಕಿರ್ಬೇಕು ಅನ್ಸತ್ತೆ, ಹಾಲಿನವನಿಗೇ ಜಾಸ್ತಿ. ಅಂದ್ರೆ ಅವರಿಗೆ ಎಲ್ಲಾ ಗೊತ್ತಿತ್ತು. ಹಾಲಲ್ಲಿ ನೀರಿದೆ ಅಂತ ನಾವು ಕೂಗಾಡ್ತಿದ್ದಾಗ "ಇರ್ಲಿ ಬಿಡ್ರೋ" ಅಂತ ಒಲೆ ಕಡೆ ತಿರುಗ್ತಿದ್ದ ಹೆಂಗಸಿಗೆ ನಮಗಿಂತ ಮೊದಲೇ ಗೊತ್ತಿತ್ತು. ಬರೆದಿಟ್ಕೋಬಾರ್ದು ಅಂತ ಲೆಕ್ಕದಮ್ಮ ಹೇಳಿದ್ರು, ಅಮ್ಮ ಬರೆದಿಟ್ಟಿದ್ರು, ಆದ್ರೆ ಯಾರಿಗೂ ತೋರಿಸ್ಲಿಲ್ಲ. ಹುಟ್ಟುಗುಣ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದು ದಿನಾ ಬೆಳಗ್ಗೆ ಗೀಟು ಹಾಕ್ಕೊಂಡು ಮಾಡಿದ ಕೆಲಸ.

ಹರಟೆಮಲ್ಲ

ಮಾತೇ ಬರ್ತಿಲ್ಲ ಸರ್. ಹುಡುಗನ್ನ ಭೇಟಿ ಮಾಡಿ, ದಯವಿಟ್ಟು.

ಎಂಬತ್ತೆಂಟು

ಆ ಪಟ್ಟಿಗೆ ನಮಸ್ಕಾರ. ಅಂಥ ಅಮ್ಮನ ನಿರೀಕ್ಷೆ ಆದ್ರೆ ನಂಗೂ ಬೇಕು. ಭೇಟಿಗೆ ಹೋದ್ರೆ ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ಹೋಗ್ಬೇಡಿ, ಅವನು ಕ್ಷಮಿಸ್ಲೇಬೇಕು ಅಂತ ವಚನ ಓದ್ಬೇಡಿ.

ಕಾಫಿಕಣ

ಹೋಗಿದ್ದೆ, ನಿನ್ನೆ ಸಂಜೆ. ಬೈಕ್ ಗ್ಯಾರೇಜಲ್ಲಿ ಕೆಲಸ ಮಾಡ್ತಾನೆ, ಕೈಯೆಲ್ಲ ಗ್ರೀಸು. ಬೈಬಲ್ ತಗೊಂಡು ಹೋಗ್ಲಿಲ್ಲ. ಕಮಿಟಿ ರೂಮಲ್ಲಿ ಆ ಮಾತು ಆಡಿದ್ದು ನಾನೇ ಅಂತ ಹೇಳ್ದೆ. ಅವನಿಗೆ ಗೊತ್ತಿತ್ತು, ನಮ್ಮ ಊರಲ್ಲಿ ಕಮಿಟಿ ರೂಮಿನ ಮಾತು ರೂಮಲ್ಲಿ ಎಲ್ಲಿ ಉಳಿಯತ್ತೆ. ವೇಸ್ಟ್ ಬಟ್ಟೇಲಿ ಕೈ ಒರೆಸ್ಕೊಂಡು ಫೋನ್ ಎತ್ತಿ ತೋರಿಸ್ದ, "ಇಎಂಐ ಅಣ್ಣ, ಇನ್ನೂ ಏಳು ಕಂತಿದೆ." ಸ್ಕ್ರೀನ್ ಒಡೆದಿತ್ತು ಆಗ್ಲೇ.

1,300 ಬಗ್ಗೆ ನಾನು ಕೇಳೋದು ಹೇಗೆ ಅಂತ ಒದ್ದಾಡ್ತಿದ್ದಾಗ ಅವನೇ ಎತ್ತಿದ. ಮೊಟ್ಟೆ ಹರಾಜಿನ ಗಲಾಟೇಲಿ ಎರಡು ಮೂರು ಜನ ಒಟ್ಟಿಗೆ ಚಿಲ್ಲರೆ ಕೇಳಿದ್ರು, ಯಾರಿಗೋ ಜಾಸ್ತಿ ಹೋಗಿರ್ಬೇಕು, ಅಂದ. ಆಮೇಲೆ, "ಅವತ್ತೇ ಕೇಳಿದ್ರೆ ನೆನಪಿರ್ತಿತ್ತು ಅಣ್ಣ" ಅಂದ. ಸಿಟ್ಟಿಂದ ಹೇಳ್ಲಿಲ್ಲ, ಅದೇ ಕಷ್ಟ ಆಯ್ತು. ಕ್ಷಮಿಸಿದೀನಿ ಅಂತೇನೂ ಅನ್ಲಿಲ್ಲ. ಟೀ ತರಿಸಿದ, ದುಡ್ಡು ನನಗೆ ಕೊಡೋಕೆ ಬಿಡ್ಲಿಲ್ಲ. ಕ್ವಾಯರ್ ಬಗ್ಗೆ ಕೇಳಿದ್ದಕ್ಕೆ ನೋಡ್ತೀನಿ ಅಂದ.

ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಮುಂದೆ ಆ ಹಳೇ ಮಾತು ವಾಪಸ್ ತಗೊಂಡೆ, ಮಿನಿಟ್ಸ್ ಪುಸ್ತಕದಲ್ಲಿ ಬರೆಸಿದೆ. ಹರಾಜಿನ ಮೇಜಿಗೆ ಇನ್ಮೇಲೆ ಇಬ್ಬರು, ಬಾಕಿಗೆ ಬೇರೆ ಪುಸ್ತಕ, ಅದರಲ್ಲಿ ಹಿರಿಯರ ಹೆಸರಿದ್ರೂ ಪೆನ್ಸಿಲಲ್ಲಿ ಅಲ್ಲ ಪೆನ್ನಲ್ಲೇ ಬರೀಬೇಕು ಅಂತ ಆಯ್ತು (ಲೆಕ್ಕದಮ್ಮ, ಥ್ಯಾಂಕ್ಸ್). ಮೇಜಿನ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬ ಅವನಿರ್ಲಿ ಅಂತ ಹೆಸರು ಕೊಟ್ಟಿದೀನಿ. ಕಮಿಟಿಲಿ ಮೂರು ಜನ ಇನ್ನೂ ಮುಖ ಗಂಟು ಹಾಕ್ಕೊಂಡಿದಾರೆ, ಅವನೂ ಹೂಂ ಅಂದಿಲ್ಲ.